ಒಂದೇ ದಿನದಲ್ಲಿ ಹವಾಯಿ ವೋಲ್ಕೇನೋಸ್ ನ್ಯಾಷನಲ್ ಪಾರ್ಕ್: ಬೆಳಗಿನ ಹಬೆಯಿಂದ ರಾತ್ರಿಯ ಕೆಂಪಿನವರೆಗೆ

ಜ್ವಾಲಾಮುಖಿ ನೋಡೋಕೆ ಹೊರಟವರ ತಲೆಯಲ್ಲಿ ಒಂದೇ ಚಿತ್ರ ಇರುತ್ತದೆ. ಎದುರಿಗೆ ಕೆಂಪಗೆ ಕುದಿಯುವ ಲಾವಾ, ಕೈಯಲ್ಲಿ ಫೋನು. ಹವಾಯಿಯ ಬಿಗ್ ಐಲ್ಯಾಂಡ್‌ಗೆ ಮೊದಲ ಸಲ ಹೋದಾಗ ನನ್ನ ತಲೆಯಲ್ಲೂ ಅದೇ ಇತ್ತು. ನಡು ಮಧ್ಯಾಹ್ನ ಪಾರ್ಕ್ ತಲುಪಿದೆ. ಕುಳಿಯ ಅಂಚಿಗೆ ಹೋಗಿ ನಿಂತೆ. ಕೆಳಗೆ ಬೂದು ಬಣ್ಣದ ಬಂಡೆ, ಒಂದಿಷ್ಟು ಬಿಳಿ ಹೊಗೆ. "ಇಷ್ಟೇನಾ?" ಅಂದುಕೊಂಡು ಎರಡು ಗಂಟೆಯಲ್ಲಿ ವಾಪಸ್ ಬಂದೆ. ಎರಡನೇ ಸಲ ಬೆಳಿಗ್ಗೆ 7ಕ್ಕೆ ಒಳಗೆ ಹೋದವನು ಹೊರಗೆ ಬಂದಿದ್ದು ರಾತ್ರಿ 9ಕ್ಕೆ. ಪಾರ್ಕ್ ಅದೇ. ಬದಲಾಗಿದ್ದು ನೋಡಿದ ಕ್ರಮ ಮಾತ್ರ.

ಈ ಮಾರ್ಗದರ್ಶಿ ಆ ಕ್ರಮದ ಬಗ್ಗೆ. ಲಾವಾ ಯಾರ ಟೈಮ್‌ಟೇಬಲ್‌ಗೂ ಕಾಯುವುದಿಲ್ಲ. ಹಾಗಾಗಿ ಲಾವಾ ಕಾಣದಿದ್ದರೂ ತುಂಬಿದ ದಿನ ಅನ್ನಿಸುವಂತೆ ಪ್ಲ್ಯಾನ್ ಮಾಡಿಕೊಳ್ಳಬೇಕು. ಕಂಡರೆ ಅದು ಲಾಭ.

ಮೊದಲು ಎಲ್ಲಿದ್ದೇವೆ ಅಂತ ತಿಳಿದುಕೊಳ್ಳೋಣ. ಈ ಪಾರ್ಕ್ ಶುರುವಾಗಿದ್ದು 1916ರಲ್ಲಿ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಒಳಗೆ ಎರಡು ಜ್ವಾಲಾಮುಖಿಗಳಿವೆ. ಒಂದು ಮೌನಾ ಲೋವಾ, 4,169 ಮೀಟರ್ ಎತ್ತರ. ಅದಕ್ಕೆ ಬೇರೆಯೇ ದಿನ, ಬೇರೆಯೇ ತಯಾರಿ ಬೇಕು. ಇನ್ನೊಂದು ಕಿಲಾವೆಯಾ. ಅದರ ತುದಿಗೆ ಕಾರಿನಲ್ಲೇ ಹೋಗಬಹುದು. ಒಂದು ದಿನದ ಪ್ರವಾಸ ಅಂದರೆ ಕಿಲಾವೆಯಾ ಅಂತಲೇ ಲೆಕ್ಕ.

ಹಿಂದಿನ ರಾತ್ರಿ: ಜ್ವಾಲಾಮುಖಿ ಏನು ಮಾಡುತ್ತಿದೆ ಅಂತ ನೋಡಿ

ಕಿಲಾವೆಯಾದ ಮೇಲೆ ಕಣ್ಣಿಟ್ಟಿರುವುದು ಹವಾಯಿಯನ್ ವೋಲ್ಕೇನೋ ಅಬ್ಸರ್ವೇಟರಿ. ಥಾಮಸ್ ಜ್ಯಾಗರ್ 1912ರಲ್ಲಿ ಕಟ್ಟಿದ ಸಂಸ್ಥೆ ಅದು. ಈಗ ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್‌ನ ಭಾಗ. ಅದರ ವೆಬ್‌ಸೈಟಿನಲ್ಲಿ ಮೂರು ವಿಷಯ ನೋಡಿಕೊಂಡರೆ ಸಾಕು.

ಮೊದಲನೆಯದು ಎಚ್ಚರಿಕೆಯ ಬಣ್ಣ. ಹಸಿರು ಅಂದರೆ ಮಲಗಿದೆ, ಹಳದಿ ಅಂದರೆ ಮಗ್ಗುಲು ಬದಲಿಸುತ್ತಿದೆ. ಕಿತ್ತಳೆ ಅಂದರೆ ಎದ್ದಿದೆ ಇಲ್ಲವೇ ಏಳುವುದರಲ್ಲಿದೆ. ಕೆಂಪು ಅಂದರೆ ಜೋರಾಗಿದೆ. ಎರಡನೆಯದು ಆ ದಿನದ ವರದಿ. ನಾಲ್ಕೈದು ಪ್ಯಾರಾ ಇರುತ್ತದೆ, ಮೊದಲೆರಡು ಓದಿ. ಮೂರನೆಯದು ಕುಳಿಯ ಅಂಚಿನ ಲೈವ್ ಕ್ಯಾಮೆರಾ.

ವರದಿಯಲ್ಲಿ "ಟಿಲ್ಟ್" ಅನ್ನುವ ಪದ ಪದೇ ಪದೇ ಬರುತ್ತದೆ. ಅದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ. ಕೆಳಗೆ ಮ್ಯಾಗ್ಮಾ, ಅಂದರೆ ನೆಲದೊಳಗಿನ ಕರಗಿದ ಕಲ್ಲು, ತುಂಬುತ್ತಾ ಹೋದಂತೆ ಬೆಟ್ಟ ಒಂಚೂರು ಉಬ್ಬುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಉಪಕರಣಕ್ಕೆ ಮಾತ್ರ ಗೊತ್ತಾಗುವಷ್ಟು. ಲಾವಾ ಹೊರಗೆ ಚಿಮ್ಮಿದ ತಕ್ಷಣ ಅದೇ ಬೆಟ್ಟ ಕುಗ್ಗುತ್ತದೆ. 2024ರ ಡಿಸೆಂಬರ್ 23ರಂದು ಕಿಲಾವೆಯಾದ ತುದಿಯ ಹಲೆಮಾವುಮಾವು ಕುಳಿಯಲ್ಲಿ ಶುರುವಾದ ಸ್ಫೋಟ ಹೀಗೇ ಉಸಿರಾಡುತ್ತಾ ಬಂತು. ಕೆಲವು ಗಂಟೆ ಕಾರಂಜಿ, ಆಮೇಲೆ ಕೆಲವು ದಿನ ಅಥವಾ ಒಂದೆರಡು ವಾರ ವಿರಾಮ, ಮತ್ತೆ ಕಾರಂಜಿ. 2025ರ ಕೊನೆಯ ಹೊತ್ತಿಗೆ ಇಂಥ ಸುತ್ತುಗಳು 30 ದಾಟಿದ್ದವು. ಕೆಲವು ಸಲ ಲಾವಾ 300 ಮೀಟರ್‌ಗಿಂತ ಮೇಲೆ ಚಿಮ್ಮಿದೆ. ಟಿಲ್ಟ್‌ನ ಗ್ರಾಫ್ ನೋಡಿದರೆ ಥೇಟ್ ಗರಗಸದ ಹಲ್ಲು. ನಿಧಾನಕ್ಕೆ ಏರು, ದಿಢೀರ್ ಇಳಿತ. ಈಗಿನ ಏರು ಹಿಂದಿನ ಹಲ್ಲಿನ ತುದಿಯ ಹತ್ತಿರ ಬಂದಿದೆ ಅಂದರೆ ಮುಂದಿನ ಸುತ್ತು ಹತ್ತಿರ ಅಂತ ಊಹಿಸಬಹುದು. ಅಬ್ಸರ್ವೇಟರಿಯವರು ಅಂದಾಜು ದಿನಗಳನ್ನೂ ಹೇಳುತ್ತಾರೆ.

ಇದೇ ಲಯ ನೀವು ಹೋಗುವಾಗಲೂ ಇರಬೇಕೆಂದಿಲ್ಲ. ಕಿಲಾವೆಯಾ ತನ್ನ ರೂಢಿಯನ್ನು ಹೇಳದೆ ಕೇಳದೆ ಬದಲಿಸಿದ್ದು ಬೇಕಾದಷ್ಟು ಸಲ ಇದೆ. ಅದಕ್ಕೇ ಹಿಂದಿನ ರಾತ್ರಿ ನೋಡಿ, ಬೆಳಿಗ್ಗೆ ಎದ್ದ ತಕ್ಷಣ ಇನ್ನೊಮ್ಮೆ ನೋಡಿ. ಬೆಳಿಗ್ಗೆ ಕ್ಯಾಮೆರಾದಲ್ಲಿ ಕಾರಂಜಿ ಕಂಡರೆ ಈ ಕೆಳಗಿನ ಪ್ಲ್ಯಾನನ್ನು ಪೂರ್ತಿ ತಲೆಕೆಳಗು ಮಾಡಿ. ಮೊದಲು ಕುಳಿಯ ಅಂಚಿಗೆ ಓಡಿ, ಉಳಿದದ್ದೆಲ್ಲ ಆಮೇಲೆ. "ಸಂಜೆ ನೋಡಿದರಾಯಿತು" ಅಂದುಕೊಂಡವರಿಗೆ ಸಂಜೆ ಸಿಕ್ಕಿದ್ದು ಹೊಗೆ ಮಾತ್ರ.

ಪಾರ್ಕಿನ ವೆಬ್‌ಸೈಟ್‌ನಲ್ಲಿ ಯಾವ ರಸ್ತೆ, ಯಾವ ದಾರಿ ಮುಚ್ಚಿದೆ ಅಂತಲೂ ಒಂದು ಪುಟ ಇದೆ. ಅದನ್ನೂ ನೋಡಿ. 2018ರಲ್ಲಿ ಕಿಲಾವೆಯಾದ ತುದಿ ಕುಸಿದಾಗ ಆದ ಹಾನಿಯ ರಿಪೇರಿ ಕೆಲಸ ವರ್ಷಗಟ್ಟಲೆ ನಡೆದಿದೆ. ಮುಖ್ಯ ವಿಸಿಟರ್ ಸೆಂಟರ್ ಕೂಡ ದುರಸ್ತಿಗೆಂದು 2025ರಲ್ಲಿ ಮುಚ್ಚಿತು. ಅದರ ಬದಲು ಕಿಲಾವೆಯಾ ಮಿಲಿಟರಿ ಕ್ಯಾಂಪ್‌ನಲ್ಲಿ ತಾತ್ಕಾಲಿಕ ಸ್ವಾಗತ ಕೇಂದ್ರ ತೆರೆದರು.

ಚೀಲಕ್ಕೆ ಏನು ಹಾಕಬೇಕು

ಹವಾಯಿ ಅಂದರೆ ಚಡ್ಡಿ, ಚಪ್ಪಲಿ ಅಂತ ನಾನೂ ಹೊರಟಿದ್ದೆ. ಕಿಲಾವೆಯಾದ ತುದಿ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಕೆಳಗೆ ಕಡಲ ಪಕ್ಕದ ಹಿಲೋ ಊರಿನಲ್ಲಿ ಬೆವರುತ್ತಿದ್ದವನು ಮುಕ್ಕಾಲು ಗಂಟೆಯಲ್ಲಿ ಅಲ್ಲಿ ನಡುಗುತ್ತಾ ನಿಂತಿದ್ದೆ. ಮಳೆ ಯಾವಾಗ ಬೇಕಾದರೂ ಬರುತ್ತದೆ. ಬಿಸಿಲು ಕಾಣುತ್ತಿದೆ ಅಂತ ರೈನ್‌ಕೋಟ್ ಕಾರಿನಲ್ಲಿ ಬಿಟ್ಟು ಹೋಗಬೇಡಿ.

- ಜರ್ಕಿನ್ ಅಥವಾ ಸ್ವೆಟರ್, ಅದರ ಮೇಲೆ ಹಾಕಲು ರೈನ್‌ಕೋಟ್, ಉದ್ದ ಪ್ಯಾಂಟ್
- ಕಾಲ್ಬೆರಳು ಮುಚ್ಚುವ, ಗಟ್ಟಿ ತಳದ ಶೂ. ಲಾವಾ ಬಂಡೆಯ ಮೇಲೆ ಬಿದ್ದರೆ ಗಾಜಿನ ಚೂರಿನ ಮೇಲೆ ಬಿದ್ದ ಹಾಗೆ
- ಒಬ್ಬರಿಗೆ ಕನಿಷ್ಠ 2 ಲೀಟರ್ ನೀರು
- ಇಡೀ ದಿನದ ಊಟ, ತಿಂಡಿ
- ತಲೆಗೆ ಕಟ್ಟುವ ಟಾರ್ಚ್. ಫೋನಿನ ಬೆಳಕು ರಾತ್ರಿ ನಡೆಯಲು ಸಾಲದು, ಬ್ಯಾಟರಿಯೂ ಉಳಿಯದು
- ಟೋಪಿ, ಸನ್‌ಸ್ಕ್ರೀನ್, ಕನ್ನಡಕ
- ಮೊದಲೇ ಡೌನ್‌ಲೋಡ್ ಮಾಡಿಕೊಂಡ ಮ್ಯಾಪ್. ಪಾರ್ಕಿನ ಬಹಳ ಕಡೆ ಸಿಗ್ನಲ್ ಇಲ್ಲ

ಆಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಎಳೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಇನ್ನೊಂದು ವಿಷಯ ನೋಡಲೇಬೇಕು. ಜ್ವಾಲಾಮುಖಿಯಿಂದ ಬರುವ ಸಲ್ಫರ್ ಡೈಆಕ್ಸೈಡ್ ಗಾಳಿಯ ಜೊತೆ ಸೇರಿ ಒಂದು ಮಸುಕು ಕಟ್ಟುತ್ತದೆ. ಅದಕ್ಕೆ ಅಲ್ಲಿಯವರು "ವಾಗ್" ಅನ್ನುತ್ತಾರೆ. ಸಾಮಾನ್ಯವಾಗಿ ಗಾಳಿ ಅದನ್ನು ನೈರುತ್ಯಕ್ಕೆ ತಳ್ಳುತ್ತದೆ. ಗಾಳಿ ನಿಂತ ದಿನ ಅಥವಾ ದಿಕ್ಕು ಬದಲಾದ ದಿನ ಎಲ್ಲೆಡೆ ಹರಡುತ್ತದೆ. ಮಾಮೂಲಿ ಬಟ್ಟೆ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ. ಕೆಮ್ಮು ಬಂದರೆ, ಗಂಟಲು ಉರಿದರೆ, ಕಾರು ಹತ್ತಿ ಕಿಟಕಿ ಮುಚ್ಚಿ ಅಲ್ಲಿಂದ ಹೊರಡುವುದೇ ಮದ್ದು.

ಹಿಲೋದಿಂದಲೋ, ಕೋನಾದಿಂದಲೋ?

ಸಾಧ್ಯವಿದ್ದರೆ ಹಿಂದಿನ ರಾತ್ರಿ ಹಿಲೋದಲ್ಲಿ ಉಳಿಯಿರಿ. ಅಲ್ಲಿಂದ ಹೈವೇ 11ರಲ್ಲಿ ಪಾರ್ಕ್‌ಗೆ 30 ಮೈಲಿ, ಅಂದರೆ 48 ಕಿಲೋಮೀಟರ್. ಮುಕ್ಕಾಲು ಗಂಟೆ ಸಾಕು. ಕೈಲುವಾ-ಕೋನಾದಿಂದ 96 ಮೈಲಿ, ಎರಡರಿಂದ ಎರಡೂವರೆ ಗಂಟೆ. ಹೋಗೋದು ಪರವಾಗಿಲ್ಲ. ಕಷ್ಟ ಆಗೋದು ರಾತ್ರಿ ವಾಪಸ್ ಬರುವಾಗ. ಹದಿನಾಲ್ಕು ಗಂಟೆ ಅಡ್ಡಾಡಿದ ಮೇಲೆ ಕತ್ತಲಲ್ಲಿ, ಮಳೆಯಲ್ಲಿ, ರಸ್ತೆಯ ಬಲಗಡೆ ಕಾರು ಓಡಿಸುವುದನ್ನು ನೆನೆಸಿಕೊಳ್ಳಿ. ಹಿಲೋದಿಂದ ಹೆಲೆ-ಆನ್ ಅನ್ನುವ ಸರ್ಕಾರಿ ಬಸ್ ಇದೆ. ಆದರೆ ಅದು ಪಾರ್ಕಿನ ಒಳಗೆಲ್ಲ ಸುತ್ತಿಸುವುದಿಲ್ಲ. ಬಾಡಿಗೆ ಕಾರೇ ಬೇಕು.

ಪೆಟ್ರೋಲ್ ಹಿಲೋದಲ್ಲೇ ತುಂಬಿಸಿ. ಮರೆತರೆ ಪಾರ್ಕ್ ಬಾಗಿಲ ಪಕ್ಕದ ವೋಲ್ಕೇನೋ ಹಳ್ಳಿಯಲ್ಲಿ ಕೊನೆಯ ಅವಕಾಶ. ಒಳಗೆ ಬಂಕ್ ಇಲ್ಲ. ಊಟವೂ ಅಷ್ಟೇ. ಒಳಗೆ ವೋಲ್ಕೇನೋ ಹೌಸ್ ಹೋಟೆಲ್ ಬಿಟ್ಟರೆ ಹೇಳಿಕೊಳ್ಳುವಂಥದ್ದು ಇಲ್ಲ. ಸಸ್ಯಾಹಾರಿಗಳಂತೂ ಹಿಂದಿನ ದಿನವೇ ಹಿಲೋ ಮಾರುಕಟ್ಟೆಯಲ್ಲಿ ಪಪ್ಪಾಯಿ, ಬಾಳೆಹಣ್ಣು, ಬ್ರೆಡ್ಡು ಕೊಂಡು ಇಟ್ಟುಕೊಂಡರೆ ನೆಮ್ಮದಿ.

ಪಾರ್ಕ್ ದಿನದ 24 ಗಂಟೆಯೂ ತೆರೆದಿರುತ್ತದೆ. ಟಿಕೆಟ್ ಒಂದು ಕಾರಿಗೆ 30 ಡಾಲರ್, ಒಳಗೆ ಎಷ್ಟು ಜನ ಇದ್ದರೂ ಅಷ್ಟೇ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡೇ ಬೇಕು. ಒಮ್ಮೆ ಕೊಂಡರೆ 7 ದಿನ ನಡೆಯುತ್ತದೆ. ರಸೀದಿ ಎಸೆಯಬೇಡಿ, ಅದರ ಕೆಲಸ ಕೊನೆಯಲ್ಲಿದೆ.

ಬೆಳಿಗ್ಗೆ 7: ಹಬೆ ಮತ್ತು ಗಂಧಕ

ಮೊದಲ ನಿಲುಗಡೆ ಸ್ಟೀಮ್ ವೆಂಟ್ಸ್. ಇಷ್ಟು ಬೇಗ ಯಾಕೆ ಅಂದರೆ ಚಳಿಯಲ್ಲೇ ಹಬೆ ದಟ್ಟವಾಗಿ ಕಾಣುವುದು. ಮಧ್ಯಾಹ್ನ ಹೋದರೆ ಅಲ್ಲೇನೂ ಇಲ್ಲವೇನೋ ಅನ್ನಿಸಬಹುದು. ಕಂಬಿಯ ಪಕ್ಕ ನಿಂತು ಕೈ ಚಾಚಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುತ್ತದಲ್ಲ, ಅದೇ ಬೆಚ್ಚನೆಯ ಒದ್ದೆ ಗಾಳಿ. ಕನ್ನಡಕ ಮಂಜಾಗುತ್ತದೆ. ಮಕ್ಕಳನ್ನು ಕಂಬಿ ದಾಟಲು ಬಿಡಬೇಡಿ.

ಇದು ಬರೀ ಮಳೆನೀರು. ನೆಲದೊಳಗೆ ಇಂಗಿದ ನೀರು ಬಿಸಿ ಬಂಡೆಗೆ ತಾಗಿ ಆವಿಯಾಗಿ ಮೇಲೆ ಬರುತ್ತದೆ. ಸುತ್ತ ಒಮ್ಮೆ ನೋಡಿ. ಹುಲ್ಲು, ಕುರುಚಲು ಬಿಟ್ಟರೆ ದೊಡ್ಡ ಮರ ಇಲ್ಲ. ಸ್ವಲ್ಪ ದೂರದಲ್ಲೇ ದಟ್ಟ ಕಾಡಿದೆ, ಇಲ್ಲಿ ಇಲ್ಲ. ನೆಲದ ಕೆಲವೇ ಅಡಿ ಕೆಳಗೆ ಮರದ ಬೇರು ಬದುಕದಷ್ಟು ಬಿಸಿ. ಹುಲ್ಲಿನ ಬೇರು ಅಷ್ಟು ಆಳಕ್ಕೆ ಹೋಗುವುದಿಲ್ಲ, ಅದಕ್ಕೇ ಉಳಿದಿದೆ.

ರಸ್ತೆಯ ಆಚೆ ಕಡೆ ಸಲ್ಫರ್ ಬ್ಯಾಂಕ್ಸ್. ಹಳೆಯ ಹೆಸರು ಹಾಅಕುಲಮಾನು. ಸ್ಟೀಮ್ ವೆಂಟ್ಸ್‌ನಲ್ಲಿ ವಾಸನೆ ಇರಲಿಲ್ಲ, ಗಮನಿಸಿದಿರಾ? ಇಲ್ಲಿ ಕೊಳೆತ ಮೊಟ್ಟೆಯ ವಾಸನೆ ದೂರದಿಂದಲೇ ಬರುತ್ತದೆ. ಆವಿಯ ಜೊತೆ ಜ್ವಾಲಾಮುಖಿಯ ಅನಿಲವೂ ಮೇಲೆ ಬರುತ್ತಿದೆ ಅಂತ ಅರ್ಥ. ಬಂಡೆಯ ಸಂದಿಗಳಲ್ಲಿ ಅರಿಶಿನ ಮೆತ್ತಿದ ಹಾಗೆ ಗಂಧಕದ ಹರಳುಗಳು. ಹತ್ತಿರದಿಂದ ನೋಡಿದರೆ ಸೂಜಿಯಂಥ ಎಳೆಗಳು. ಆಸ್ತಮಾ ಇದ್ದವರು ಇದನ್ನು ಬಿಟ್ಟುಬಿಡಿ. ಉಳಿದವರಿಗೂ ಅರ್ಧ ಗಂಟೆ ಸಾಕು.

8 ಗಂಟೆ: ಕಿಲಾವೆಯಾ ಇಕಿ, ಕುಳಿಯೊಳಗೆ ನಡೆಯುವುದು

ಇಡೀ ದಿನದಲ್ಲಿ ಒಂದೇ ಒಂದು ಕೆಲಸಕ್ಕೆ ಸಮಯ ಇದ್ದರೆ ಇದನ್ನೇ ಮಾಡಿ ಅನ್ನುತ್ತೇನೆ. ಲಾವಾ ಸರೋವರದ ಮೇಲೆ ನಡೆಯುವ ಅವಕಾಶ ಇನ್ನೆಲ್ಲಿ ಸಿಗುತ್ತದೆ? ಹೆಪ್ಪುಗಟ್ಟಿದ ಸರೋವರ, ನಿಜ. ಆದರೂ.

"ಇಕಿ" ಅಂದರೆ ಹವಾಯಿ ಭಾಷೆಯಲ್ಲಿ ಚಿಕ್ಕದು. ಕಿಲಾವೆಯಾದ ಪಕ್ಕದ ಈ ಚಿಕ್ಕ ಕುಳಿ 1959ರ ನವೆಂಬರ್ 14ರಂದು ಬಾಯಿ ತೆರೆಯಿತು. ಐದು ವಾರ ಲಾವಾ ಉಕ್ಕಿತು, ನಿಂತಿತು, ಮತ್ತೆ ಉಕ್ಕಿತು. ಒಂದು ಹಂತದಲ್ಲಿ ಕಾರಂಜಿ 580 ಮೀಟರ್ ಎತ್ತರಕ್ಕೆ ಹೋಯಿತು. ಡಿಸೆಂಬರ್ 20ಕ್ಕೆ ಎಲ್ಲ ಮುಗಿದಾಗ ಕುಳಿಯ ತಳದಲ್ಲಿ 100 ಮೀಟರ್‌ಗೂ ಜಾಸ್ತಿ ಆಳದ ಲಾವಾ ನಿಂತಿತ್ತು. ಅದು ಪೂರ್ತಿ ಗಟ್ಟಿಯಾಗಲು ದಶಕಗಳೇ ಹಿಡಿದವು.

ಕಾರನ್ನು ಕಿಲಾವೆಯಾ ಇಕಿ ಓವರ್‌ಲುಕ್‌ನಲ್ಲಿ ನಿಲ್ಲಿಸಿ. 9 ದಾಟಿದರೆ ಜಾಗಕ್ಕೆ ಕಾಯಬೇಕಾಗುತ್ತದೆ. ಪೂರ್ತಿ ಸುತ್ತು 5.3 ಕಿಲೋಮೀಟರ್, ಇಳಿತ-ಏರು ಸುಮಾರು 120 ಮೀಟರ್, ಸಮಯ 2ರಿಂದ 3 ಗಂಟೆ. ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಹೊರಡಿ. ಹಾಗೆ ಹೋದರೆ ಮೊದಲು ಅಂಚಿನ ಕಾಡು, ಆಮೇಲೆ ಇಳಿತ, ಆಮೇಲೆ ಕುಳಿಯ ತಳ. ಕೊನೆಗೆ ಮೇಲೆ ಹತ್ತಿದಾಗ ಎದುರಿಗೇ ನಾಹುಕು ಗುಹೆ ಬರುತ್ತದೆ. ಒಂದೇ ಪಾರ್ಕಿಂಗ್‌ನಲ್ಲಿ ಎರಡು ಕೆಲಸ.

ಮೊದಲ ಮುಕ್ಕಾಲು ಗಂಟೆ ಜರೀಗಿಡ, ಪಾಚಿ, ಹಕ್ಕಿಯ ಸದ್ದು. ಕೆಂಪು ಬ್ರಷ್ಷಿನಂಥ ಹೂ ಬಿಡುವ ಮರ ಓಹಿಯಾ. ಮಧ್ಯೆ ಮಧ್ಯೆ ಎಲೆಗಳ ಸಂದಿಯಿಂದ ಕೆಳಗೆ ಇಣುಕಿ. ಕುಳಿಯ ತಳದಲ್ಲಿ ಮಾಸಲು ಗೀಟು ಎಳೆದ ಹಾಗೆ ದಾರಿ, ಅದರ ಮೇಲೆ ಇರುವೆ ಸಾಲಿನಂತೆ ಜನ. ಇಳಿದ ಮೇಲೆ ಕಾಡು ಒಮ್ಮೆಗೇ ಮುಗಿದು ಕಪ್ಪು ಬಯಲು ಶುರುವಾಗುತ್ತದೆ.

ಶುರುವಿನಲ್ಲಿ ಬಂಡೆಗಳು ಒಡೆದು ಚದುರಿಕೊಂಡಿವೆ. ಕಲ್ಲು ಪೇರಿಸಿದ ಗುಡ್ಡೆಗಳು ದಾರಿ ತೋರಿಸುತ್ತವೆ. ಅವಕ್ಕೆ "ಅಹು" ಅನ್ನುತ್ತಾರೆ. ಒಂದು ಗುಡ್ಡೆ ತಲುಪಿ, ಮುಂದಿನದು ಎಲ್ಲಿದೆ ನೋಡಿ, ಆಮೇಲೆ ಹೆಜ್ಜೆ ಹಾಕಿ. ಮಂಜು ಇಳಿದ ದಿನ ಇದೇ ದಿಕ್ಕು. ಸುಮ್ನೆ ಚಂದಕ್ಕೆ ನೀವೊಂದು ಗುಡ್ಡೆ ಪೇರಿಸಬೇಡಿ, ಹಿಂದೆ ಬರುವವರು ಅದನ್ನು ನಂಬಿ ದಾರಿ ತಪ್ಪುತ್ತಾರೆ.

ಬಲಗಡೆ ಕಾಣುವ ಕಂದು ಬಣ್ಣದ ಗುಡ್ಡ ಪುವುಪುವಾಯಿ. 1959ರಲ್ಲಿ ಕಾರಂಜಿಯಿಂದ ಹಾರಿದ ಕಿಟ್ಟ ಗಾಳಿಗೆ ಒಂದೇ ಕಡೆ ಬಿದ್ದು ಬಿದ್ದು ಆ ಗುಡ್ಡವಾಯಿತು. ಅದರ ಬುಡದಲ್ಲೇ ಲಾವಾ ಉಕ್ಕಿದ ಬಾಯಿ ಇದೆ. ಈಗ ಕುಳಿಯ ಗೋಡೆ ನೋಡಿ. ನೆಲದಿಂದ ಸಾಕಷ್ಟು ಮೇಲೆ ಸುತ್ತಲೂ ಒಂದು ಕಪ್ಪು ಅಂಚು ಕಾಣುತ್ತದೆ, ಬಕೆಟ್ಟಿನ ಒಳಗೆ ನೀರು ನಿಂತ ಗುರುತಿನ ಹಾಗೆ. ಲಾವಾ ಅಲ್ಲಿಯವರೆಗೆ ಏರಿತ್ತು. ಪ್ರತಿ ಸುತ್ತು ಮುಗಿದಾಗಲೂ ಬಂದ ಬಾಯಿಯಿಂದಲೇ ಒಂದಷ್ಟು ವಾಪಸ್ ಇಳಿದು ಹೋಗುತ್ತಿತ್ತು.

ನಡುವಿಗೆ ಬಂದಾಗ ನೆಲ ಚಪ್ಪಟೆಯಾಗುತ್ತದೆ. ಬಿರುಕುಗಳಿಂದ ಸಣ್ಣಗೆ ಹಬೆ ಬರುತ್ತಿರುತ್ತದೆ, ಮಳೆ ಬಂದು ನಿಂತ ಮೇಲಂತೂ ಜಾಸ್ತಿ. ಅಂಥ ಒಂದು ಬಿರುಕಿನ ಪಕ್ಕ ನಾನು ಕೂತಿದ್ದೆ. ಬಿರುಕಿನ ಒಳಗೆ ಒಂದು ಗೇಣುದ್ದದ ಓಹಿಯಾ ಸಸಿ, ಪಕ್ಕದಲ್ಲೇ ಬೆಚ್ಚಗಿನ ಆವಿ, ಸಸಿಯ ತುದಿಯಲ್ಲಿ ಒಂದು ಕೆಂಪು ಚಿಗುರು. ಮಣ್ಣೇ ಇಲ್ಲದ ಕಡೆ ಅದು ಏನು ತಿಂದು ಬದುಕಿದೆಯೋ! ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣೂ ಹೀಗೇ ಬಸಾಲ್ಟ್ ಕಲ್ಲು ಸವೆದು ಆದದ್ದು. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಅದು. ಅದರ ಮೊದಲ ಪುಟ ಹೀಗಿದ್ದಿರಬೇಕು.

ಕೊನೆಯ ಏರು ಮೆಟ್ಟಿಲು ಮತ್ತು ಅಂಕುಡೊಂಕು ದಾರಿ. ಉಸಿರು ಹತ್ತುತ್ತದೆ, ಅಷ್ಟೇ.

ನಾಹುಕು: ಲಾವಾ ಕೊರೆದ ಸುರಂಗ

ಮೇಲೆ ಬಂದು ರಸ್ತೆ ದಾಟಿದರೆ ನಾಹುಕು. ಥರ್ಸ್ಟನ್ ಲಾವಾ ಟ್ಯೂಬ್ ಅಂತಲೂ ಹೆಸರು. ಸುಮಾರು 500 ವರ್ಷ ಹಳೆಯದು. ಹರಿಯುವ ಲಾವಾದ ಮೇಲ್ಮೈ ಗಾಳಿಗೆ ತಣ್ಣಗಾಗಿ ಗಟ್ಟಿಯಾಗುತ್ತದೆ, ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ. ಒಳಗಿನ ಲಾವಾ ಬಿಸಿ ಆರದೆ ಹರಿಯುತ್ತಲೇ ಇರುತ್ತದೆ. ಮೂಲದಲ್ಲಿ ನಿಂತಾಗ ಒಳಗಿನದು ಹರಿದು ಖಾಲಿಯಾಗುತ್ತದೆ, ಕೆನೆ ಚಾವಣಿಯಾಗಿ ಉಳಿಯುತ್ತದೆ. ಚಾವಣಿಯಿಂದ ಜೋತು ಬಿದ್ದಿರುವ ದಾರಗಳು ಮೇಲಿನ ಓಹಿಯಾ ಮರಗಳ ಬೇರುಗಳು. ಮುಟ್ಟಬೇಡಿ. ಒಂದು ಕಾಲಕ್ಕೆ ಲಾವಾ ತೊಟ್ಟಿಕ್ಕಿ ಹೆಪ್ಪುಗಟ್ಟಿದ ಹನಿಗಳೂ ನೇತಾಡುತ್ತಿದ್ದವಂತೆ. ಬಂದವರೆಲ್ಲ ನೆನಪಿಗೆ ಅಂತ ಮುರಿದುಕೊಂಡು ಹೋಗಿ ಮುಗಿಸಿದರು.

ಒಳಗೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ದೀಪ ಇರುತ್ತದೆ. ನೆಲದಲ್ಲಿ ನೀರು ನಿಂತಿರುತ್ತದೆ, ಜಾರಬಹುದು. ಹತ್ತೇ ನಿಮಿಷದ ಗುಹೆ. ಕಾರಿನಲ್ಲಿ ಬಂದವರು ಇದರ ಪಾರ್ಕಿಂಗ್‌ಗೆ ಅರ್ಧ ಗಂಟೆ ಸುತ್ತುತ್ತಿರುತ್ತಾರೆ. ನೀವು ನಡೆದು ಬಂದಿದ್ದೀರಿ, ನಡೆದೇ ವಾಪಸ್ ಹೋಗುತ್ತೀರಿ.

ಮಧ್ಯಾಹ್ನ: ಬೆಟ್ಟದಿಂದ ಕಡಲಿಗೆ

ಕಾರಿನ ಹತ್ತಿರ ಊಟ ಮುಗಿಸಿ, ನೀರಿನ ಬಾಟಲಿ ತುಂಬಿಸಿಕೊಳ್ಳಿ. ಮುಂದೆ ನೀರು ಸಿಗುವುದಿಲ್ಲ. ಈಗ ಹಿಡಿಯುವುದು ಚೈನ್ ಆಫ್ ಕ್ರೇಟರ್ಸ್ ರಸ್ತೆ. ಉದ್ದ 30 ಕಿಲೋಮೀಟರ್, 1,100 ಮೀಟರ್ ಎತ್ತರದಿಂದ ಸಮುದ್ರದ ಅಂಚಿನವರೆಗೆ ಇಳಿಯುತ್ತದೆ. ನಿಲ್ಲದೆ ಹೋದರೆ ಒಂದು ಕಡೆಗೆ 45 ನಿಮಿಷ. ನಿಲ್ಲದೆ ಹೋಗಬಾರದು. ಮೂರರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಮೇಲ್ಭಾಗದಲ್ಲಿ ಸಣ್ಣಪುಟ್ಟ ಕುಳಿಗಳು ಸಾಲಾಗಿ ಬರುತ್ತವೆ. ಎಲ್ಲದಕ್ಕೂ ಇಳಿಯಬೇಕಿಲ್ಲ, ಪುಹಿಮಾವು ಅಥವಾ ಪೌವಾಹಿ ಯಾವುದಾದರೂ ಒಂದು ಸಾಕು. ಮುಂದಿನ ಮೌನಾವುಲು ಹತ್ತಿರ ಮಾತ್ರ ಹತ್ತು ನಿಮಿಷ ನಿಲ್ಲಿ. 1969ರಿಂದ 1974ರವರೆಗೆ ಅಲ್ಲಿಂದ ಹರಿದ ಲಾವಾ ಹಳೆಯ ರಸ್ತೆಯನ್ನು ಮೈಲಿಗಟ್ಟಲೆ ನುಂಗಿತು.

ಇಲ್ಲಿ ಎರಡು ಬಗೆಯ ಲಾವಾ ಅಕ್ಕಪಕ್ಕ ಕಾಣುತ್ತದೆ. ಒಂದು ನುಣ್ಣಗೆ ಹಗ್ಗ ಸುತ್ತಿಟ್ಟಂತೆ, ಮಡಿಕೆ ಮಡಿಕೆಯಾಗಿ. ಅದು ಪಾಹೊಯಿಹೊಯಿ. ಇನ್ನೊಂದು ಉತ್ತ ಹೊಲದ ಹೆಂಟೆಯಂತೆ ಚೂಪು ಚೂಪು. ಅದರ ಹೆಸರು ಅಆ. ಹೌದು, ವರ್ಣಮಾಲೆಯ ಮೊದಲೆರಡು ಅಕ್ಷರ ಹೇಳಿದರೆ ಸಾಕು, ಉಚ್ಚಾರ ಸರಿಯಾಗೇ ಬರುತ್ತದೆ. ಪ್ರಪಂಚದ ಭೂವಿಜ್ಞಾನಿಗಳೆಲ್ಲ ಈ ಎರಡು ಹವಾಯಿ ಪದಗಳನ್ನೇ ಬಳಸುತ್ತಾರೆ. ಒಂದೇ ಲಾವಾ ಹೊರಟಾಗ ಪಾಹೊಯಿಹೊಯಿ ಆಗಿದ್ದು, ತಣ್ಣಗಾಗಿ ಮಂದವಾಗುತ್ತಾ ಅಆ ಆಗಬಹುದು.

ಆಮೇಲೆ ರಸ್ತೆ ಹೋಲೆಯಿ ಪಾಲಿ ಅನ್ನುವ ಕಡಿದಾದ ಇಳಿಜಾರಿಗೆ ಬರುತ್ತದೆ. ಕಡಲು ಅಗಲಕ್ಕೆ ಬಿಚ್ಚಿಕೊಳ್ಳುತ್ತದೆ, ಬೆಟ್ಟದ ಮೈಮೇಲೆ ಲಾವಾ ಹರಿದ ಕಪ್ಪು ಪಟ್ಟೆಗಳು. ಬ್ರೇಕ್ ಮೇಲೇ ಕಾಲಿಟ್ಟು ಇಳಿಯಬೇಡಿ, ಕಡಿಮೆ ಗೇರ್ ಹಾಕಿ.

ಕೆಳಗೆ ಮೊದಲು ಸಿಗುವುದು ಪುವುಲೋವಾ. ರಸ್ತೆಯಿಂದ 1 ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ ನಡಿಗೆ, ನೆರಳೇ ಇಲ್ಲ. ಟೋಪಿ ಹಾಕಿ. ಅಲ್ಲಿ ಹವಾಯಿಯ ಹಿರಿಯರು ಬಂಡೆಯ ಮೇಲೆ ಕೊರೆದ 23,000ಕ್ಕೂ ಹೆಚ್ಚು ಚಿತ್ರಗಳಿವೆ. ಮನುಷ್ಯರು, ವೃತ್ತಗಳು, ದೋಣಿಯ ಹಾಯಿ. ಆದರೆ ಬಹುಪಾಲು ಸಣ್ಣ ಸಣ್ಣ ಗುಳಿಗಳು. ಮಗು ಹುಟ್ಟಿದಾಗ ಗುಳಿ ಕೊರೆದು, ಹೊಕ್ಕುಳ ಬಳ್ಳಿಯನ್ನು ಅದರಲ್ಲಿಟ್ಟು ಕಲ್ಲು ಮುಚ್ಚುತ್ತಿದ್ದರು, ಮಗುವಿಗೆ ಆಯಸ್ಸು ಬರಲಿ ಅಂತ. ಹಾಗಾಗಿ ಮರದ ಹಲಗೆ ದಾರಿಯಿಂದ ಕೆಳಗೆ ಕಾಲಿಡಬೇಡಿ. ಚಿತ್ರಗಳು ಬಿಸಿಲು ಓರೆಯಾದಷ್ಟೂ ಚೆನ್ನಾಗಿ ಕಾಣುತ್ತವೆ. ಅದಕ್ಕೇ ನಾನು ಮೊದಲು ರಸ್ತೆಯ ಕೊನೆಗೆ ಹೋಗಿ, ವಾಪಸ್ ಬರುವಾಗ 3 ಗಂಟೆಯ ನಂತರ ಇಲ್ಲಿ ನಿಲ್ಲುತ್ತೇನೆ.

ರಸ್ತೆಯ ಕೊನೆಯಲ್ಲಿ ಹೋಲೆಯಿ ಸೀ ಆರ್ಚ್. ಅಲೆಗಳು ಬಂಡೆ ಕೊರೆದು ಮಾಡಿದ ಕಮಾನು, ಸುಮಾರು 27 ಮೀಟರ್ ಎತ್ತರ. ನೋಡುವ ಜಾಗದ ಹಗ್ಗದಿಂದ ಮುಂದೆ ಹೋಗಬೇಡಿ. ಅಂಚಿನ ಬಂಡೆ ಕೆಳಗೆ ಪೊಳ್ಳಾಗಿರಬಹುದು, ಮೇಲಿಂದ ಗೊತ್ತಾಗುವುದಿಲ್ಲ. ರಸ್ತೆ ಅಲ್ಲಿಗೇ ಮುಗಿಯುತ್ತದೆ. ಅದರಾಚೆ ಲಾವಾ ಮುಚ್ಚಿದೆ. 1983ರಿಂದ 2018ರವರೆಗೆ ನಡೆದ ಪುವುಓಓ ಸ್ಫೋಟ ಮಾಡಿದ ಕೆಲಸ. ಸಮುದ್ರಕ್ಕೆ ಸುರಿಯುವ ಲಾವಾದ ವಿಡಿಯೋ ನೋಡಿಕೊಂಡು ಬರುವವರು ಇಲ್ಲಿ ಬೇಸರ ಪಡುತ್ತಾರೆ. ಆ ದೃಶ್ಯ 2018ಕ್ಕೇ ನಿಂತಿತು.

ಸೂರ್ಯಾಸ್ತದಿಂದ ರಾತ್ರಿಗೆ: ಹಲೆಮಾವುಮಾವು

ಸಂಜೆಯಾಗುವ ಒಂದು ಗಂಟೆ ಮೊದಲೇ ಮೇಲಕ್ಕೆ ಬಂದುಬಿಡಿ. ಹವಾಯಿಯಲ್ಲಿ ಚಳಿಗಾಲದಲ್ಲಿ 6ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಬೇಸಿಗೆಯಲ್ಲಿ 7ರ ಹೊತ್ತಿಗೆ. ಬೆಳಕಿರುವಾಗಲೇ ಕುಳಿಯನ್ನು ಪೂರ್ತಿ ನೋಡಿಕೊಳ್ಳಬೇಕು. ಹಾಗಾದರೆ ಕತ್ತಲಾದ ಮೇಲೆ ಎಲ್ಲಿ ಏನು ಹೊಳೆಯುತ್ತಿದೆ ಅಂತ ತಿಳಿಯುತ್ತದೆ.

ದೊಡ್ಡ ಬಟ್ಟಲಿನಂಥ ಕಿಲಾವೆಯಾ, ಅದರೊಳಗೆ ಹಲೆಮಾವುಮಾವು. 2018ರ ಬೇಸಿಗೆಯಲ್ಲಿ ಕೆಳಗಿನ ಮ್ಯಾಗ್ಮಾ ಪೂರ್ವದ ಇಳಿಜಾರಿನ ಕಡೆ ಹರಿದು, ಅಲ್ಲಿ 700ಕ್ಕೂ ಹೆಚ್ಚು ಮನೆಗಳನ್ನು ತಿಂದುಹಾಕಿತು. ಆಸರೆ ಕಳೆದುಕೊಂಡ ತುದಿ ಇಲ್ಲಿ ಕುಸಿಯಿತು. ಕುಳಿ ಸುಮಾರು 500 ಮೀಟರ್ ಆಳವಾಯಿತು. ಅಂಚಿನ ಹಳೆಯ ರಸ್ತೆಯ ಒಂದು ತುಂಡೂ ಒಳಗೆ ಹೋಯಿತು. ಮರುವರ್ಷ ತಳದಲ್ಲಿ ನೀರಿನ ಕೊಳ ಕಾಣಿಸಿಕೊಂಡಿತು. 2020ರ ಡಿಸೆಂಬರ್ 20ರ ರಾತ್ರಿ ಲಾವಾ ಬಂದು ಆ ಕೊಳವನ್ನು ಕುದಿಸಿ ಆವಿ ಮಾಡಿತು. ಆಗಿನಿಂದ ಕುಳಿ ಮತ್ತೆ ತುಂಬುತ್ತಾ ಬಂದಿದೆ.

ಎಲ್ಲಿ ನಿಲ್ಲಬೇಕು? ಕಿಲಾವೆಯಾ ಓವರ್‌ಲುಕ್ ಮತ್ತು ಉವೆಕಹುನಾ ಸುಲಭದವು, ಅದಕ್ಕೇ ಜನ ಜಾಸ್ತಿ. ವೋಲ್ಕೇನೋ ಹೌಸ್ ಹಿಂಭಾಗದಿಂದಲೂ ಕಾಣುತ್ತದೆ, ವಯಸ್ಸಾದವರ ಜೊತೆ ಹೋದರೆ ಅದೇ ಅನುಕೂಲ. ನಡೆಯಬಲ್ಲವರು ಡೆವಸ್ಟೇಷನ್ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ಕೆಯಾನಾಕಾಕೋಯಿಗೆ ಹೋಗಬಹುದು. ಹೋಗಿ ಬರಲು 3 ಕಿಲೋಮೀಟರ್, ಹಳೆಯ ಟಾರು ರಸ್ತೆ. ತಲೆಯ ಟಾರ್ಚ್ ಬೇಕಾಗುವುದು ಇಲ್ಲೇ. ಕುಳಿ ನೋಡುತ್ತಾ ನಿಂತಾಗ ಅದನ್ನು ಆರಿಸಿ, ಪಕ್ಕದವರ ಕಣ್ಣೂ ಕತ್ತಲಿಗೆ ಒಗ್ಗಲಿ. ಕಾರಂಜಿ ನಡೆಯುತ್ತಿದ್ದರೆ ಎಲ್ಲ ಪಾರ್ಕಿಂಗೂ ಭರ್ತಿ. ಆಗ 6ರಿಂದ 9ರ ಗದ್ದಲ ಬಿಟ್ಟು, ಇನ್ನೂ ತಡವಾಗಿ ಅಥವಾ ಬೆಳಗಾಗುವ ಮುಂಚೆ ಬರುವುದು ಜಾಣತನ.

ಕಾರಂಜಿಯ ಸಮಯದಲ್ಲಿ ಗಾಳಿಯ ಜೊತೆ ಹೊಂಬಣ್ಣದ ಎಳೆಗಳು ಹಾರಿ ಬರುತ್ತವೆ. ಪೆಲೆಯ ಕೂದಲು ಅಂತ ಹೆಸರು. ನೋಡಲು ರೇಷ್ಮೆಯ ನೂಲು, ಆದರೆ ಅದು ಗಾಜು. ಲಾವಾ ಗಾಳಿಯಲ್ಲಿ ಎಳೆಯಾಗಿ ಎಳೆದುಕೊಂಡು ತಣ್ಣಗಾದದ್ದು. ಮುಟ್ಟಬೇಡಿ, ಮುಟ್ಟಿದ ಕೈಯಿಂದ ಕಣ್ಣು ಉಜ್ಜಲೇಬೇಡಿ.

ಪೆಲೆ ಅಂದರೆ ಜ್ವಾಲಾಮುಖಿಯ ದೇವಿ. ಹಲೆಮಾವುಮಾವು ಅವಳ ಮನೆ. ನಾನು ನಿಂತಿದ್ದ ರಾತ್ರಿ ಕಾರಂಜಿ ಇರಲಿಲ್ಲ. ಒಂದು ಬಾಯಿಯಲ್ಲಿ ಮಾತ್ರ ಕೆಂಪು, ಒಲೆಯ ಬೂದಿಯಡಿ ಉಳಿದ ಕೆಂಡದಷ್ಟು. ಹೊಗೆಯ ತಳ ಆ ಕೆಂಪಿಗೆ ಬಣ್ಣ ಬದಲಿಸುತ್ತಿತ್ತು. ಪಕ್ಕದಲ್ಲಿ ಒಬ್ಬ ಹವಾಯಿ ಅಜ್ಜಿ ಕಣ್ಣು ಮುಚ್ಚಿ ಮೆಲ್ಲಗೆ ಏನೋ ಹಾಡುತ್ತಿದ್ದರು. ಅಲ್ಲಿದ್ದ ನಾವೆಲ್ಲ ಗರ್ಭಗುಡಿಯ ಎದುರು ನಿಂತವರ ಹಾಗೆ ದನಿ ತಗ್ಗಿಸಿದ್ದೆವು, ಯಾರೂ ಹೇಳಿರಲಿಲ್ಲ.

ಇಷ್ಟು ಮಾತ್ರ ಮಾಡಬೇಡಿ

ಕಲ್ಲು, ಮರಳು, ಗಿಡ ಏನನ್ನೂ ತರಬೇಡಿ. ಕಾನೂನಿಗೆ ವಿರುದ್ಧ, ಅಲ್ಲಿಯ ಜನರ ಮನಸ್ಸಿಗೂ ನೋವು. ಭಕ್ತಿಯಿಂದಲೇ ಆದರೂ ಕುಳಿಯ ಅಂಚಿನಲ್ಲಿ ತಿನ್ನುವ ಪದಾರ್ಥ, ಕಾಸು ಇಟ್ಟು ಬರಬೇಡಿ. ಡ್ರೋನ್ ಹಾರಿಸುವಂತಿಲ್ಲ.

ನೇನೇ ಅನ್ನುವ ಹೆಬ್ಬಾತು ಕಂಡರೆ ತಿನ್ನಲು ಹಾಕಬೇಡಿ. 1950ರ ಸುಮಾರಿಗೆ ಕಾಡಿನಲ್ಲಿ ಸುಮಾರು 30 ಮಾತ್ರ ಉಳಿದಿದ್ದ ಹಕ್ಕಿ ಅದು. ತಿಂಡಿಯ ಆಸೆಗೆ ರಸ್ತೆಗೆ ಬಂದು ಕಾರಿಗೆ ಸಿಗುತ್ತದೆ. ಓಹಿಯಾ ಮರಗಳಿಗೆ ಶಿಲೀಂಧ್ರದಿಂದ ಒಂದು ರೋಗ ಬಂದಿದೆ, ಶೂಗೆ ಮೆತ್ತಿದ ಮಣ್ಣಿನಲ್ಲೂ ಅದು ಹರಡುತ್ತದೆ. ಕಾಡಿಗೆ ಇಳಿಯುವ ಮೊದಲು ಮತ್ತು ಹೊರಬಂದ ಮೇಲೆ ಶೂ ತಳವನ್ನು ಚೆನ್ನಾಗಿ ಉಜ್ಜಿ. ದಾರಿಯ ಶುರುವಿನಲ್ಲಿ ಬ್ರಷ್ ಇಟ್ಟಿದ್ದರೆ ಅದು ಇದಕ್ಕೇ.

ವಾಪಸ್

ಹೊರಡುವ ಮೊದಲು ಕಾರಿನಲ್ಲಿ ಕೂತು ಬಿಸಿಯಾಗಿ ಏನಾದರೂ ಕುಡಿದು, ಹತ್ತು ನಿಮಿಷ ಸುಧಾರಿಸಿಕೊಳ್ಳಿ. ಹೈವೇ 11ರ ಮೇಲ್ಭಾಗದಲ್ಲಿ ರಾತ್ರಿ ಮಂಜು, ಮಳೆ ಎರಡೂ ಇರುತ್ತವೆ. ಕತ್ತಲೂ ಗಾಢ. ನಿಧಾನಕ್ಕೆ ಇಳಿಯಿರಿ.

ಬೆಳಿಗ್ಗೆ ಜೋಪಾನ ಮಾಡಿದ ರಸೀದಿ ನೆನಪಿದೆಯಲ್ವಾ? ಮಂಜು ಕವಿದು ಕುಳಿ ಕಾಣದೇ ಹೋಗಿದ್ದರೆ, ಅಥವಾ ಹಿಲೋ ತಲುಪಿ ಮಲಗುವ ಮುಂಚೆ ಕ್ಯಾಮೆರಾ ನೋಡಿದಾಗ ಕಾರಂಜಿ ಶುರುವಾಗಿದ್ದರೆ, ಆ ರಸೀದಿ ಇನ್ನೂ 6 ದಿನ ನಡೆಯುತ್ತದೆ. ಒಂದು ಗುರುತಿನ ಚೀಟಿ ಜೊತೆಗಿಟ್ಟುಕೊಳ್ಳಿ. ಬಾಗಿಲಲ್ಲಿ ಕೇಳುತ್ತಾರೆ.